ಎಸ್ಟಿಮೇಟ್ ಇಲ್ಲದೆ ಕೇಳಬಾರದ ಪ್ರಶ್ನೆ

ನಮ್ಮ ಯಜಮಾನರು ರಿಟೈರ್ ಆದ ಮೇಲೆ ತತ್ವಶಾಸ್ತ್ರ ಓದಲು ಶುರುಮಾಡಿದ್ದಕ್ಕೆ ಕಾರಣ ಜ್ಞಾನದ ಹಸಿವು ಎಂದು ನೆಂಟರಿಷ್ಟರೆಲ್ಲ ನಂಬಿದ್ದಾರೆ. ನಂಬಲಿ ಪಾಪ. ನಿಜವಾದ ಕಾರಣ ನಮ್ಮ ಮಗಳ ಕುತ್ತಿಗೆ.

ಆ ಕುತ್ತಿಗೆಯ ವಿಷಯ ಹೇಳಬೇಕಾದರೆ ಮೊದಲು ನಮ್ಮ ಮನೆಯ ಬೆಳಗಿನ ವಿಷಯ ಹೇಳಬೇಕು. ನಾವು ದಾವಣಗೆರೆ ಕಡೆಯವರು, ಬಸವೇಶ್ವರನಗರಕ್ಕೆ ಬಂದು ಮನೆ ಕಟ್ಟಿ ಬಹಳ ಕಾಲವಾಯಿತು. ಲಿಂಗ ಕಟ್ಟಿಕೊಂಡವರು. ಇಷ್ಟಲಿಂಗ ಬೆಳ್ಳಿಯ ಕರಡಿಗೆಯೊಳಗೆ, ಕರಡಿಗೆ ಶಿವದಾರದಲ್ಲಿ, ಶಿವದಾರ ಕೊರಳಲ್ಲಿ. ಬೆಳಗ್ಗೆ ಸ್ನಾನವಾದ ಮೇಲೆ ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಬೇಕು, ಕಾಫಿ ಏನಿದ್ದರೂ ಆಮೇಲೆ. ನನ್ನ ಪೂಜೆ ಬೇಗ ಮುಗಿಯುತ್ತದೆ, ಏಕೆಂದರೆ ಕಾಫಿಯ ಮೇಲೆ ನನಗಿರುವ ಭಕ್ತಿಯೂ ಸಣ್ಣದಲ್ಲ. ಇವರದು ಮುಕ್ಕಾಲು ಗಂಟೆಯ ಪೂಜೆ. ಮಗಳು ಚಿಕ್ಕವಳಾಗಿದ್ದಾಗಿನಿಂದ ಇವರ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಪರೀಕ್ಷೆಯಿರಲಿ, ನೆಗಡಿಯಿರಲಿ, ಆ ಚಾಪೆ ತಪ್ಪುತ್ತಿರಲಿಲ್ಲ. ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಇಬ್ಬರೂ ಊಟದ ಮೇಜಿಗೆ ಬಂದು ಕೂತರೆ ಮುಗಿಯಿತು, ನನ್ನನ್ನು ಕೇಳುವವರಿಲ್ಲ. ರಸ್ತೆಗೆ ಗುಂಡಿ ಯಾಕೆ ಬೀಳುತ್ತದೆ ಎಂದು ಇವರು ವಿವರಿಸುವುದು, ಮಂಡಿ ಯಾಕೆ ಸವೆಯುತ್ತದೆ ಎಂದು ಅವಳು ವಿವರಿಸುವುದು. ಅವಳು ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಗುಂಡಿಗೂ ಮಂಡಿಗೂ ಅಷ್ಟೊಂದು ಸಂಬಂಧವಿದೆ ಎಂದು ಅವರಿಬ್ಬರಿಂದಲೇ ನನಗೆ ಗೊತ್ತಾಗಿದ್ದು.

ಹೀಗಿರುವಾಗ ಒಂದು ಬೆಳಗ್ಗೆ ಅವಳು ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ನೇರ ಅಡುಗೆಮನೆಗೆ ಬಂದು ಕಾಫಿ ಕೇಳಿದಳು. ಪೂಜೆ ಆಯ್ತೇನೇ ಎಂದು ತಿರುಗಿ ನೋಡಿದೆ. ಕೊರಳಲ್ಲಿ ದಾರವಿಲ್ಲ, ಕರಡಿಗೆಯಿಲ್ಲ. ಅಷ್ಟು ವರ್ಷ ದಾರವಿದ್ದ ಜಾಗದಲ್ಲಿ ತೆಳ್ಳಗೆ ಒಂದು ಬಿಳಿಯ ಗೆರೆ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಇವರೂ ಬಾಗಿಲಿಗೆ ಬಂದರು, ಪೂಜೆಗೆ ಯಾಕೆ ಇನ್ನೂ ಬಂದಿಲ್ಲ ಎಂದು ಕರೆಯಲು. ನೋಡಿದರು. ತಿರುಗಿ ಹೋಗಿ ಒಬ್ಬರೇ ಪೂಜೆಗೆ ಕೂತರು. ಅವಳು ಕಾಫಿ ಕುಡಿದು ಲೋಟ ತೊಳೆದಿಟ್ಟು ಕ್ಲಿನಿಕ್ಕಿಗೆ ಹೋದಳು.

ಆವತ್ತಿನಿಂದ ಅಪ್ಪ ಮಗಳ ಹರಟೆ ನಿಂತುಹೋಯಿತು. ಜಗಳವಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಜಗಳ ಎಂದರೆ ನನಗೆ ಅಭ್ಯಾಸ, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಇವರಿಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಳ್ಳತೊಡಗಿದರು. ಉಪ್ಪು ಬೇಕಾದರೆ ನನ್ನ ಕಡೆ ನೋಡಿ ಕೇಳುವುದು. ಗೇಟು ಹಾಕಬೇಕಾದರೆ, ಅವಳಿಗೆ ಹೇಳು ಗೇಟು ಹಾಕಲಿ ಎಂದು ನನಗೆ ಹೇಳುವುದು. ಅವಳು ಅಲ್ಲೇ ಎದುರಿಗೆ ನಿಂತಿರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನೇರವಾಗಿ ಕೇಳಬಾರದೇನ್ರೀ ಎಂದೆ. ಕೇಳುವುದಿಲ್ಲ. ಇವರು ಬದುಕಿಡೀ ಸರ್ಕಾರಿ ಇಂಜಿನಿಯರ್ ಆಗಿದ್ದವರು, ಎಸ್ಟಿಮೇಟ್ ಆಗದೆ ಗುದ್ದಲಿ ಮುಟ್ಟಬಾರದು ಎಂಬುದು ಇವರ ಸಿದ್ಧಾಂತ. ನನ್ನನ್ನು ನೋಡಲು ಬಂದಾಗಲೂ ಕೇಳಬೇಕಾದ ಪ್ರಶ್ನೆಗಳನ್ನು ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರಂತೆ. ಅದನ್ನು ಹೊರಗೆ ತೆಗೆಯಲು ಧೈರ್ಯ ಸಾಲದೆ, ಉಪ್ಪಿಟ್ಟು ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದುಹೋಗಿದ್ದರು.

“ಸುಮ್ನೆ ಯಾಕೆ ಅಂತ ಕೇಳಿದ್ರೆ ಅವಳೇನೋ ಹೇಳ್ತಾಳೆ. ನನ್ನ ಹತ್ರ ಉತ್ತರ ಇರ್ಬೇಕಲ್ಲ?” ಎಂದರು. “ಇದು ಅವಳೊಬ್ಬಳ ವಿಷಯ ಅಲ್ಲ ಕಣೇ. ಇಡೀ ಕಾಲಕ್ಕೇ ಬಂದಿರೋ ಬಿಕ್ಕಟ್ಟು.”

ಆ ಬಿಕ್ಕಟ್ಟಿನ ಎಸ್ಟಿಮೇಟ್ ತಯಾರಿಸಲು ರಾಜಾಜಿನಗರಕ್ಕೆ ಹೋಗಲು ಶುರುಮಾಡಿದರು. ಅಲ್ಲಿ ಒಂದು ಹಳೆಯ ವಾಚನಾಲಯದ ಮಹಡಿಯ ಮೇಲೆ ಪ್ರತಿ ಭಾನುವಾರ ಒಂದು ತರಗತಿ. ಲೋಕದ ಮಹಾಗ್ರಂಥಗಳನ್ನು ಓದಿ ಇವತ್ತಿನ ಸಂಸ್ಕೃತಿಗೆ ಏನಾಗಿದೆ ಎಂದು ತಿಳಿದುಕೊಳ್ಳುವುದು. ನಡೆಸುವವರು ನಿವೃತ್ತ ತತ್ವಶಾಸ್ತ್ರದ ಮೇಷ್ಟ್ರು. ಬರುವವರು ಹೆಚ್ಚಾಗಿ ಇವರಂಥವರೇ, ಬಟ್ಟೆಯ ಚೀಲ, ಬಿಪಿ ಮಾತ್ರೆ, ಫೋನ್ ಮಾಡದ ಮಕ್ಕಳು ಇರುವವರು. ಗ್ರೀಕರಿಂದ ಶುರುಮಾಡಿ, ಉಪನಿಷತ್ತು ಮುಟ್ಟಿ, ಜರ್ಮನಿಗೆ ಹೋಗಿ ಅಲ್ಲೇ ಬಹಳ ಕಾಲ ಸಿಕ್ಕಿಹಾಕಿಕೊಂಡರು. ತರಗತಿ ಮುಗಿದ ಮೇಲೆ ಎಲ್ಲರೂ ಕೆಳಗಿನ ದರ್ಶಿನಿಗೆ ಹೋಗಿ ಖಾಲಿ ದೋಸೆ ತಿನ್ನುತ್ತ ಬಿಕ್ಕಟ್ಟನ್ನು ಮುಂದುವರಿಸುತ್ತಿದ್ದರು.

ನಮ್ಮ ಮನೆಯ ಭಾಷೆಯೇ ಬದಲಾಯಿತು. ಎದುರುಮನೆಯವರು ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದರೆ ಮೊದಲೆಲ್ಲ ಇವರು ಹೋಗಿ ಬೈದು ಬರುತ್ತಿದ್ದರು. ಈಗ ಕಿಟಕಿಯಲ್ಲಿ ನಿಂತು, ಸಮುದಾಯ ಪ್ರಜ್ಞೆ ಕುಸಿದಿದೆ ಎನ್ನುತ್ತಿದ್ದರು. ಕಾರು ಅಲ್ಲೇ ಇರುತ್ತಿತ್ತು. ಹಾಲಿನವನು ತಡಮಾಡಿದರೆ ಮೌಲ್ಯಗಳ ವಿಘಟನೆ. ನಾನು ಧಾರಾವಾಹಿ ನೋಡಿದರೆ ಪರಕೀಯತೆ. ಯಾವ ಪರಕೀಯತೆ ರೀ, ಆ ಸೊಸೆಯ ಕಥೆ ನನಗೆ ಒಳಗಿನಿಂದ ಗೊತ್ತು ಎಂದೆ. ಇವರು ಪುಟ ತಿರುವಿದರು.

ಆ ಮೇಷ್ಟ್ರು ತರಗತಿಯಲ್ಲಿ ಒಂದು ನಿಯಮ ಇಟ್ಟಿದ್ದರು. ಯಾರ ಮಾತಿಗೇ ಆಗಲಿ ಉತ್ತರ ಕೊಡುವ ಮೊದಲು, ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೌದು, ನಾನು ಹೇಳಿದ್ದು ಇದೇ ಎಂದು ಅವರು ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ಹೇಳಬೇಕು. ಇವರು ಆ ನಿಯಮವನ್ನು ಮನೆಗೂ ತಂದರು. ಗ್ಯಾಸ್ ಮುಗಿಯಿತು ಎಂದು ನಾನು ಕೂಗಿದರೆ, ಪುಸ್ತಕದಿಂದ ತಲೆಯೆತ್ತಿ, ನೀನು ಹೇಳ್ತಿರೋದು ಗ್ಯಾಸ್ ಮುಗಿದಿದೆ, ಸಿಲಿಂಡರ್ ಬದಲಾಯಿಸಬೇಕು ಅಂತ ತಾನೆ ಎಂದು ಕೇಳುತ್ತಿದ್ದರು. ಹೌದು ಎಂದರೆ ತೃಪ್ತಿಯಿಂದ ತಲೆಯಾಡಿಸಿ ಮತ್ತೆ ಜರ್ಮನಿಗೆ ಹೋಗಿಬಿಡುತ್ತಿದ್ದರು. ಸಿಲಿಂಡರ್ ನಾನೇ ಬದಲಾಯಿಸುತ್ತಿದ್ದೆ.

ಪುಸ್ತಕಗಳನ್ನು ನಾನು ಹಗುರ ಮಾಡುತ್ತಿಲ್ಲ. ಇವರು ಮಲಗಿರುವ ಮಧ್ಯಾಹ್ನಗಳಲ್ಲಿ ನಾನೂ ಒಂದೆರಡನ್ನು ತಿರುವಿಹಾಕಿದ್ದೇನೆ. ಅರ್ಧ ತಲೆಗೆ ಹತ್ತಲಿಲ್ಲ, ಹತ್ತಿದ ಅರ್ಧ ಬಹಳ ಚೆನ್ನಾಗಿತ್ತು. ಸಾವಿರಾರು ವರ್ಷಗಳ ಹಿಂದೆಯೇ ಈಗಿನ ಹುಡುಗರು ಕೆಟ್ಟುಹೋದರು ಎಂದು ಮುದುಕರು ಗೊಣಗಿದ್ದಾರೆ ಎಂದು ತಿಳಿದು ಒಂಥರಾ ಸಮಾಧಾನವಾಯಿತು. ನನ್ನ ಸಿಟ್ಟೆಲ್ಲ ಇವರು ಓದುವ ರೀತಿಯ ಮೇಲೆ. ಶಾಲೆಯಲ್ಲಿ ಕೆಲವು ಮಕ್ಕಳು ಪ್ರಶ್ನೆ ಓದದೆಯೇ ಉತ್ತರ ಬರೆಯಲು ಶುರುಮಾಡಿ, ಮೇಲೆ ಹೆಚ್ಚುವರಿ ಹಾಳೆ ಬೇರೆ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಪ್ರಶ್ನೆ ದಿನಾ ಎದುರಿಗೇ ಕೂತು ರೊಟ್ಟಿ ತಿನ್ನುತ್ತಿತ್ತು.

ಇವರು ಕೇಳದಿದ್ದರೆ ಬೇಡ ಎಂದು ನಾನೇ ಒಂದು ಸಂಜೆ ಅವಳನ್ನು ಟೆರೇಸಿಗೆ ಕರೆದುಕೊಂಡು ಹೋಗಿ, ಬಟ್ಟೆ ಮಡಚುವ ನೆಪದಲ್ಲಿ ಕೇಳಿದೆ. ಅವಳು ಹೇಳಲಿಲ್ಲ. ಅಪ್ಪಾಜಿ ಕೇಳಲಿ, ಅವರಿಗೇ ಹೇಳುತ್ತೇನೆ, ನೀನು ಮಧ್ಯದಲ್ಲಿ ಪೋಸ್ಟ್‌ಮನ್ ಕೆಲಸ ಮಾಡಬೇಡ ಎಂದಳು. ಮಗಳಿಗೆ ಅಪ್ಪನ ಹಟವೇ ಬಂದಿದೆ. ಆಮೇಲೆ ಬೆಡ್‌ಶೀಟಿನ ಎರಡು ತುದಿ ನನ್ನ ಕೈಗೆ ಕೊಡುತ್ತ, ಅನ್ನಪೂರ್ಣೇಶ್ವರಿ ನಗರದಲ್ಲಿ ಗೆಳತಿಯೊಬ್ಬಳ ಬಾಡಿಗೆ ಮನೆಯಲ್ಲಿ ಒಂದು ರೂಮು ಖಾಲಿಯಿದೆ, ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತೇನೆ ಎಂದಳು. ನಾನು ಬೆಡ್‌ಶೀಟ್ ಬಿಟ್ಟುಬಿಟ್ಟೆ.

“ಮನೇಲಿ ಉಸಿರು ಕಟ್ಟುತ್ತೆ ಅಮ್ಮ. ಅಪ್ಪಾಜಿ ನನ್ನ ಕುತ್ತಿಗೆ ನೋಡ್ತಾರೆ. ಮುಖ ನೋಡಲ್ಲ.”

ಅನ್ನಪೂರ್ಣೇಶ್ವರಿ ನಗರ ಏನು ದೂರವಲ್ಲ, ಸ್ಕೂಟರಿನಲ್ಲಿ ಹೋದರೆ ಕೈಗೆ ಸಿಗುವಷ್ಟು ಹತ್ತಿರ. ಆದರೆ ಒಂದೇ ಸೂರಿನ ಕೆಳಗಿದ್ದೂ ಮಾತಾಡದವರು ಬೇರೆ ಸೂರಿಗೆ ಹೋದ ಮೇಲೆ ಮಾತಾಡುತ್ತಾರೆಯೇ? ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುವ ನೆಂಟಳಾಗಿಬಿಡುತ್ತಾಳೆ ಎಂದು ನನ್ನ ಲೆಕ್ಕ. ಇವರಿಗೆ ಹೇಳಿದೆ. ಮುಖ ಬಿಳುಚಿಕೊಂಡಿತು. ಇನ್ನು ತಡಮಾಡುವ ಹಾಗಿಲ್ಲ ಎಂದರು. ಸದ್ಯ, ಈಗಲಾದರೂ ಕೇಳುತ್ತಾರೆ ಎಂದುಕೊಂಡೆ. ಇವರು ಹೋಗಿ ಮೇಷ್ಟ್ರಿಗೆ ಫೋನ್ ಮಾಡಿ, ಮುಂದಿನ ಭಾನುವಾರ ನಾನೇ ಒಂದು ಪ್ರಬಂಧ ಮಂಡಿಸುತ್ತೇನೆ, ಅಲ್ಲಿ ಎಲ್ಲರೂ ತಿದ್ದಿದರೆ ನನ್ನ ವಿಚಾರ ಗಟ್ಟಿಯಾಗುತ್ತದೆ ಎಂದರು. ಅಂದರೆ ಎಸ್ಟಿಮೇಟನ್ನು ಮಂಜೂರಾತಿಗೆ ಕಳಿಸುತ್ತಿದ್ದರು. ನಾನು ಆವತ್ತು ರಾತ್ರಿ ಅಡುಗೆ ಮಾಡಲಿಲ್ಲ, ಮೊಸರನ್ನ ತಿನ್ನಿ ಎಂದೆ.

ಆ ಭಾಷಣದ ಪ್ರಕಟಣೆಯನ್ನು ಇವರೇ ಫೋನಿನಲ್ಲಿ ತಯಾರಿಸಿದರು. “ಯುವಪೀಳಿಗೆ ಪರಂಪರೆಯನ್ನು ಏಕೆ ಕಳಚಿಡುತ್ತಿದೆ?” ಎಂದು ಶೀರ್ಷಿಕೆ, ಕೆಳಗೆ ಎರಡು ಹೂವು, ಒಂದು ದೀಪ. ತರಗತಿಯ ಗುಂಪಿಗೆ ಕಳಿಸಲು ಹೋಗಿ ನಮ್ಮ ಮನೆಯ ಗುಂಪಿಗೆ ಕಳಿಸಿಬಿಟ್ಟರು. ನಮ್ಮ ಮನೆಯ ಗುಂಪಿನಲ್ಲಿರುವವರು ಮೂವರು. ಅಳಿಸುವುದು ಹೇಗೆ ಎಂದು ನನ್ನನ್ನು ಕೇಳಲು ಓಡಿಬರುವಷ್ಟರಲ್ಲಿ ಮಗಳು ನೋಡಿಯಾಗಿತ್ತು. ಹೆಬ್ಬೆರಳು ಎತ್ತಿದ ಒಂದು ಗುರುತು ಹಾಕಿದ್ದಳು.

ಭಾನುವಾರ ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಗದಗಳನ್ನು ಫೈಲಿನಲ್ಲಿಟ್ಟುಕೊಂಡು ಆಟೋ ಹತ್ತಿದರು. ಐದು ನಿಮಿಷ ಬಿಟ್ಟು ಮಗಳು ಸ್ಕೂಟರ್ ಹೊರಗೆ ತೆಗೆದು, ಬರ್ತೀಯಾ ಅಮ್ಮ ಎಂದಳು. ಬೇಡವೇ, ಎಲ್ಲರ ಎದುರು ಏನೂ ಮಾಡಬೇಡ ಎಂದು ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಕೂಗುತ್ತಲೇ ಹೋದೆ. ಹೆಲ್ಮೆಟ್ ಹಾಕಿಕೊಂಡವರಿಗೆ ಏನು ಕೇಳುತ್ತದೆ?

ನಾವು ಹೋಗಿ ಹಿಂದಿನ ಸಾಲಿನಲ್ಲಿ ಕೂತಾಗ ಇವರು ಗ್ರೀಸಿನಲ್ಲಿದ್ದರು. ನಮ್ಮನ್ನು ನೋಡಿ ಒಂದು ಸಾಲನ್ನು ಎರಡು ಸಲ ಓದಿದರು. ನಿಜ ಹೇಳಬೇಕೆಂದರೆ ಪ್ರಬಂಧ ಚೆನ್ನಾಗಿತ್ತು. ಯಂತ್ರ ಬಂದು ಮನುಷ್ಯನ ಕೈಗಳಿಗೆ ಮಾಡಲು ಏನೂ ಉಳಿಯದಂತಾಗಿದ್ದು, ಪೇಟೆ ಬಂದು ನೆರೆಹೊರೆ ಮುಗಿದಿದ್ದು, ಪ್ರತಿಯೊಬ್ಬನೂ ತನ್ನ ಸತ್ಯವನ್ನು ತಾನೇ ಹುಡುಕಿಕೊಳ್ಳಬೇಕು ಎಂಬ ಹೊರೆ ಎಳೆಯರ ಮೇಲೆ ಬಿದ್ದಿದ್ದು, ಎಲ್ಲವನ್ನೂ ತೂಕವಾಗಿ ಹೇಳಿದರು. ಯುವಕರನ್ನು ಒಂದು ಕಡೆಯೂ ಬೈಯಲಿಲ್ಲ. ಅವರ ಬಗ್ಗೆ ಹೇಳುವಾಗ ನಡುವೆ ನಿಲ್ಲಿಸಿ ನೀರು ಕುಡಿದರು. ನನ್ನ ಗಂಡ ಇಷ್ಟು ಓದಿದ್ದಾರಲ್ಲ ಎಂದು ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಚಪ್ಪಾಳೆಯಾದ ಮೇಲೆ ಮೇಷ್ಟ್ರು, ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಮ್ಮ ಹುಡುಗಿ ಕೈಯೆತ್ತಿ ಎದ್ದು ನಿಂತಳು.

“ಸಾರ್,” ಎಂದಳು. ತನ್ನ ಅಪ್ಪನಿಗೆ. “ನೀವು ಯುವಪೀಳಿಗೆ ಯುವಪೀಳಿಗೆ ಅಂತ ಇಷ್ಟು ಹೇಳಿದ್ರಿ. ಅವರಲ್ಲಿ ಒಬ್ಬರನ್ನಾದ್ರೂ ಕೂರಿಸ್ಕೊಂಡು, ಯಾಕೆ ಅಂತ ಕೇಳಿದೀರಾ?”

ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವ ಹಾಗೆ ಮಾಡಿ ಮುಚ್ಚಿಕೊಂಡೆ. ಇವರು ಅವಳು ತಮ್ಮ ಮಗಳೆಂದು ಅಲ್ಲಿ ಯಾರಿಗೂ ಹೇಳಲಿಲ್ಲ, ಸಿಟ್ಟಾಗಲೂ ಇಲ್ಲ. ನಿಯಮದ ಪ್ರಕಾರ ಪ್ರಶ್ನೆಯನ್ನು ತಿರುಗಿ ಹೇಳಬೇಕಲ್ಲ, ಅದಕ್ಕೆ ಬಾಯಿ ತೆರೆದರು. ನೀವು ಕೇಳುತ್ತಿರುವುದು, ನಾನು ಇದುವರೆಗೂ, ಎಂದು ಶುರುಮಾಡಿದವರು ಅಲ್ಲೇ ನಿಂತರು. ಫೈಲಿನ ಹಾಳೆಗಳನ್ನು ಒಮ್ಮೆ ಜೋಡಿಸಿಕೊಂಡರು.

“ಇಲ್ಲಮ್ಮ. ಕೇಳಿಲ್ಲ.”

ಮೇಷ್ಟ್ರು ಬುದ್ಧಿವಂತರು. ಇವತ್ತಿಗೆ ಇಷ್ಟು ಸಾಕು ಎಂದು ಮುಗಿಸಿದರು.

ಯಾವತ್ತಿನಂತೆ ಎಲ್ಲರೂ ದರ್ಶಿನಿಗೆ ಇಳಿದರು. ಇವರು ಮಾತ್ರ ಗುಂಪಿನ ಜೊತೆ ಹೋಗದೆ ನಮ್ಮ ಮೇಜಿಗೆ ಬಂದು ನಿಂತರು. ಮೂರು ಪ್ಲೇಟು ಖಾಲಿ ದೋಸೆ ಬಂತು. ಇವರು ದೋಸೆ ಮುಟ್ಟಲಿಲ್ಲ. ಸಾಗುವಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅಷ್ಟು ತಿಂಗಳ ಮೇಲೆ ಮೊದಲ ಸಲ ನನ್ನ ಕಡೆ ನೋಡದೆ ನೇರ ಮಗಳನ್ನೇ ನೋಡಿ, ಯಾಕವ್ವ ತೆಗೆದಿಟ್ಟೆ ಎಂದು ಕೇಳಿದರು.

ಎಲ್ಲರ ಎದುರು ಸಾರ್ ಎಂದವಳು ಈಗ ದೋಸೆಯ ಅಂಚು ಮುರಿಯುತ್ತ ನಿಂತಳು. ಆಮೇಲೆ ನಿಧಾನಕ್ಕೆ ಹೇಳಿದಳು. ಯಾವ ಗೆಳೆಯರ ಪ್ರಭಾವವೂ ಅಲ್ಲ, ಯಾವ ವಿಡಿಯೋವೂ ಅಲ್ಲ. ಚಿಕ್ಕಂದಿನಿಂದ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಎಷ್ಟೇ ನೋಡಿದರೂ ಅವಳಿಗೆ ಏನೂ ಆಗುತ್ತಿರಲಿಲ್ಲವಂತೆ. ದೊಡ್ಡವಳಾದ ಮೇಲೆ ಆಗಬಹುದು ಎಂದು ಕಾದಳಂತೆ.

“ನಿಮ್ಮ ಕಣ್ಣು ನಿಮ್ಮ ಅಂಗೈ ಮೇಲೆ ಇರ್ತಿತ್ತು ಅಪ್ಪಾಜಿ. ನಾನು ನಿಮ್ಮನ್ನೇ ನೋಡ್ಕೊಂಡು ಕೂತಿರ್ತಿದ್ದೆ. ಅಷ್ಟು ಹೊತ್ತು ನಿಮ್ಮ ಪಕ್ಕ ಕೂರಕ್ಕೆ ಸಿಗ್ತಿತ್ತಲ್ಲ, ಅದಕ್ಕೆ ಬರ್ತಿದ್ದೆ. ಅದು ಪೂಜೆ ಅಲ್ವಲ್ಲ. ನಿಮ್ಮ ಪಕ್ಕದಲ್ಲಿ ಕೂತು ದಿನಾ ಸುಳ್ಳು ಹೇಳ್ತಿದೀನಿ ಅನ್ನಿಸ್ತು.”

ಇವರು ಇಂಥ ಸಮಯದಲ್ಲಿ ಏನೋ ಒಂದು ದೊಡ್ಡ ಮಾತು ಹೇಳಿ ಎಲ್ಲಿ ಕೆಡಿಸುತ್ತಾರೋ ಎಂದು ನಾನು ಮೇಜಿನ ಕೆಳಗೆ ಕಾಲು ತುಳಿಯಲು ಸಿದ್ಧಳಾಗಿದ್ದೆ. ಆದರೆ ಇವರು ಹೇಳಿದ್ದು ಇಷ್ಟೇ: ನೀನು ಹೇಳ್ತಿರೋದು, ನಿನಗೆ ಲಿಂಗದ ಮೇಲೆ ನಂಬಿಕೆ ಬರಲಿಲ್ಲ, ಬಂದಿದೆ ಅಂತ ನನ್ನ ಹತ್ತಿರ ನಟಿಸೋಕೆ ಮನಸ್ಸಾಗಲಿಲ್ಲ, ಅಲ್ವಾ? ಅವಳು ಹೌದು ಎಂದಳು. ನನ್ನ ಮೇಲಿನ ಸಿಟ್ಟಿಗಲ್ಲ, ಅಲ್ವಾ? ಅವಳು ಅಲ್ಲ ಎಂದಳು. ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ನನ್ನ ಪ್ರಾಣ ತಿಂದಿದ್ದ ಆ ನಿಯಮವನ್ನು ಆವತ್ತು ನಾನು ಮನಸ್ಸಿನಲ್ಲೇ ಕ್ಷಮಿಸಿದೆ. ಅಷ್ಟು ಕಷ್ಟಪಟ್ಟು ಓದಿದ್ದರಲ್ಲಿ ಅದೊಂದು ಕೆಲಸಕ್ಕೆ ಬಂತು.

“ಸರಿ. ಪೂಜೆ ಬಿಟ್ಟೆ,” ಎಂದರು ಇವರು. “ಕೂರೋದನ್ನ ಯಾಕವ್ವ ಬಿಟ್ಟೆ?”

“ಬರಿಗೈಲಿ ಬಂದು ಕೂತ್ರೆ, ಏಳು ಅಂತೀರಿ ಅನ್ಕೊಂಡೆ.”

ಇವರು ತಣ್ಣಗಾಗಿದ್ದ ದೋಸೆಯನ್ನು ಮುರಿದು ತಿನ್ನತೊಡಗಿದರು. ಕಣ್ಣಲ್ಲಿ ನೀರು ಬಂದಿತ್ತು, ಚಟ್ನಿ ಖಾರ ಎಂದರು. ಚಟ್ನಿ ಸಪ್ಪೆಯಿತ್ತು, ಯಾರೂ ಎದುರು ಹೇಳಲಿಲ್ಲ. ವಾಪಸು ಬರುವಾಗ ಇವರು ಸ್ಕೂಟರಿನ ಹಿಂದೆ ಹತ್ತಿ ಕೂತರು, ನನಗೆ ಆಟೋ ಹಿಡಿದುಕೊಂಡು ಬಾ ಎಂದರು. ಅಷ್ಟು ತಿಂಗಳು ಇಬ್ಬರ ನಡುವೆ ಓಡಾಡಿದವಳಿಗೆ ಸಿಕ್ಕ ಮರ್ಯಾದೆ ಅದು.

ಮಾರನೆಯ ಬೆಳಗ್ಗೆ ಪೂಜೆಯ ಕೋಣೆಯಲ್ಲಿ ಎರಡು ಚಾಪೆ ಹಾಸಿದ್ದವು. ಯಾರು ಹಾಸಿದರು ಎಂದು ನಾನು ಕೇಳಲಿಲ್ಲ. ಅವಳು ಬಂದು ಕೂತಳು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅಷ್ಟು ಹೊತ್ತೂ ಸುಮ್ಮನೆ. ಮೇಜಿಗೆ ಬಂದ ಮೇಲೆ ಮಂಡಿ, ಗುಂಡಿ ಎಲ್ಲ ಮತ್ತೆ ಶುರುವಾಯಿತು. ನನ್ನನ್ನು ಕೇಳುವವರಿಲ್ಲದ ಹಾಗಾಯಿತು. ನನಗೆ ಬೇಕಾಗಿದ್ದೂ ಅದೇ.

ಅನ್ನಪೂರ್ಣೇಶ್ವರಿ ನಗರಕ್ಕೆ ಅವಳು ಹೋಗಿಯೇ ಹೋದಳು. ಗೆಳತಿಗೆ ಮಾತು ಕೊಟ್ಟಿದ್ದೇನೆ, ಸ್ವಲ್ಪ ದಿನ ನನ್ನಷ್ಟಕ್ಕೆ ಇದ್ದು ನೋಡುತ್ತೇನೆ ಎಂದಳು. ಅಪ್ಪ ಹೂಂ ಎಂದರು, ನಾನು ಅತ್ತುಬಿಟ್ಟೆ. ಹೋದವಳು ದಿನಾ ಬೆಳಗ್ಗೆ ಕ್ಲಿನಿಕ್ಕಿಗೆ ಹೋಗುವ ಮೊದಲು ಸ್ಕೂಟರಿನಲ್ಲಿ ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಪ್ಪನ ಪಕ್ಕ ಕೂತು ಹೋಗುತ್ತಾಳೆ. ಭಾನುವಾರದ ತರಗತಿ ಇವರು ಬಿಟ್ಟಿಲ್ಲ. ಜರ್ಮನಿಯಿಂದ ಈಗ ಫ್ರಾನ್ಸಿಗೆ ದಾಟಿದ್ದಾರೆ. ಎದುರುಮನೆಯವರ ಕಾರು ಅಡ್ಡ ಬಂದರೆ ಹೋಗಿ ಬೈಯುವುದನ್ನೂ ಮತ್ತೆ ಶುರುಮಾಡಿದ್ದಾರೆ.

ಮೊನ್ನೆ ಒಂದು ಬೆಳಗ್ಗೆ ಅವಳು ಬರುವುದು ಬಹಳ ತಡವಾಯಿತು. ಮಾಗಡಿ ರಸ್ತೆಯಲ್ಲಿ ಏನೋ ಟ್ರಾಫಿಕ್ ಇರಬೇಕು, ಫೋನೂ ಎತ್ತಲಿಲ್ಲ. ಇವರು ವಿಭೂತಿ ಧರಿಸಿ, ಬಿಲ್ವಪತ್ರೆ ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಕರಡಿಗೆ ಇನ್ನೂ ತೆರೆಯದೆ ಎದೆಯ ಮೇಲೇ ಇತ್ತು. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಈ ಮನುಷ್ಯ ಯಾರಿಗೋಸ್ಕರವೂ ಪೂಜೆಯ ಹೊತ್ತು ಮೀರಿದವರಲ್ಲ. ನನ್ನ ಹೆರಿಗೆ ನೋವು ಶುರುವಾದಾಗಲೂ, ಒಂದು ನಿಮಿಷ ಇರು, ಮುಗಿಸಿ ಬರ್ತೀನಿ ಎಂದಿದ್ದವರು. ಹೊತ್ತಾಯಿತು, ಶುರುಮಾಡಿ, ಅವಳು ಬಂದಾಗ ಬಂದು ಕೂರುತ್ತಾಳೆ ಎಂದೆ.

“ಅವಳು ಬರ್ಲಿ ತಾಳೇ,” ಎಂದರು. “ಲಿಂಗ ಎಲ್ಲಿಗೂ ಹೋಗಲ್ಲ.”

ನಾನು ಗ್ಯಾಸ್ ಆರಿಸಿ ಗೇಟಿನ ಹತ್ತಿರ ಹೋಗಿ ನಿಂತೆ.